ಹೈಸ್ಕೂಲಿಗೆ ಮುಂಚಿನ ಪರೀಕ್ಷೆ: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

10ರಿಂದ 12 ವರ್ಷದ ಮಕ್ಕಳನ್ನು ಕೂರಿಸಿಕೊಂಡು ಲೆಕ್ಕ, ಭಾಷೆ ಹೇಳಿಕೊಡಲು ಶುರು ಮಾಡಿ ನನಗೆ ಎಷ್ಟೋ ವರ್ಷವಾಯಿತು. ಎಲ್ಲರೂ ಪ್ರೈಮರಿ ಮುಗಿಸಿ ಹೈಸ್ಕೂಲಿಗೆ ಹೊರಟವರು. ಕೆಲವರಿಗೆ ಶಾಲೆಯದೇ ವರ್ಷದ ಕೊನೆಯ ಪರೀಕ್ಷೆ, ಇನ್ನು ಕೆಲವರಿಗೆ ಹೊಸ ಶಾಲೆ ಸೇರಲು ಪ್ರವೇಶ ಪರೀಕ್ಷೆ. ಪರೀಕ್ಷೆ ಬೇರೆ ಬೇರೆಯಾದರೂ ಮನೆಯವರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ನನ್ನ ಮಗಳ ಪರೀಕ್ಷೆಯ ವರ್ಷ ಇವುಗಳಲ್ಲಿ ಅರ್ಧದಷ್ಟನ್ನು ನಾನೂ ಬೇರೆಯವರ ಹತ್ತಿರ ಕೇಳಿದ್ದೆ.

ತಯಾರಿ ಯಾವಾಗ ಶುರು ಮಾಡಬೇಕು?

ಮೂರು ನಾಲ್ಕು ತಿಂಗಳು ಮೊದಲು ಶುರು ಮಾಡಿದರೆ ಸಾಕು. ಆದರೆ ದಿನಾ ಸ್ವಲ್ಪ ಸ್ವಲ್ಪ ಮಾಡಬೇಕು. ಕೊನೆಯ ಎರಡು ವಾರದಲ್ಲಿ 40 ಗಂಟೆ ಓದಿಸುವುದಕ್ಕೂ, ಅದೇ 40 ಗಂಟೆಯನ್ನು ಮೂರು ತಿಂಗಳಿಗೆ ಹಂಚುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಮರೆವು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾದರೆ ಇದು ಅರ್ಥವಾಗುತ್ತದೆ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಮನೋವಿಜ್ಞಾನಿ ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೇನೆ ಅಂತ ಅಳೆದು ನೋಡಿದ. ಅದನ್ನು 1885ರಲ್ಲಿ ಪ್ರಕಟಿಸಿದ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ತುಂಬಾ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಇವತ್ತು ಕಲಿತದ್ದನ್ನು ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ನೆನಪಿಸಿಕೊಂಡರೆ ಅದು ಗಟ್ಟಿಯಾಗುತ್ತದೆ. ಈ ಬಿಡುವುಗಳಿಗೆ ಜಾಗ ಬೇಕಲ್ವಾ? ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ದಿನಕ್ಕೆ ಎಷ್ಟು ಹೊತ್ತು?

ಈ ವಯಸ್ಸಿಗೆ ಒಂದು ಸಲಕ್ಕೆ 25 ನಿಮಿಷ, ಹೆಚ್ಚೆಂದರೆ 30. ಶಾಲೆಯ ಹೋಂವರ್ಕ್ ಬಿಟ್ಟು ದಿನಕ್ಕೆ ಇಂಥದ್ದು ಒಂದು ಸಲ ಸಾಕು, ಪರೀಕ್ಷೆ ಹತ್ತಿರ ಬಂದಾಗ ಎರಡು. ವಾರದಲ್ಲಿ ಒಂದು ದಿನ ಪೂರ್ತಿ ರಜೆ ಕೊಡಿ. ಆ ದಿನ ಪುಸ್ತಕದ ಮಾತೇ ಬೇಡ.

ಮೊದಲ ದಿನ ಏನು ಮಾಡಬೇಕು? ಸಿಲಬಸ್ಸಿನ ಮೊದಲ ಪಾಠದಿಂದ ಬರಬೇಕಾ?

ಬೇಡ. ಮಗುವಿಗೆ ಆಗಲೇ ಬರುವುದನ್ನೇ ಮತ್ತೆ ಕಲಿಸುತ್ತಾ ಎರಡು ವಾರ ಕಳೆದುಹೋಗುತ್ತದೆ. ಒಂದು ಹಳೆಯ ಪ್ರಶ್ನೆಪತ್ರಿಕೆ ಕೊಡಿ. ಗಡಿಯಾರ ಇಡಬೇಡಿ, ಮಾರ್ಕ್ಸ್ ಹಾಕಬೇಡಿ. ಮಾಡಿ ಮುಗಿಸಲಿ. ಆಮೇಲೆ ಇಬ್ಬರೂ ಕೂತು ತಪ್ಪುಗಳನ್ನು ನೋಡಿ.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ತಪ್ಪಿಗೆ ಕೆಂಪು ಗೆರೆ ಎಳೆದು ಮುಂದೆ ಹೋಗುತ್ತಾರೆ. ಮಕ್ಕಳು ಸುಮ್ನೆ ತಪ್ಪು ಮಾಡುವುದಿಲ್ಲ. ಪ್ರತಿ ತಪ್ಪಿನ ಹಿಂದೆ ಮಗುವಿನದೇ ಒಂದು ಲೆಕ್ಕಾಚಾರ ಇರುತ್ತದೆ. ಒಬ್ಬ ಹುಡುಗ 503ರಿಂದ 278 ಕಳೆದು 375 ಅಂತ ಬರೆದಿದ್ದ. ಸರಿಯುತ್ತರ 225. 'ಗಮನ ಇಟ್ಟು ಮಾಡೋದಿಲ್ಲ' ಅಂತ ಅವನ ಮನೆಯಲ್ಲಿ ಬೇಜಾರು. ಅವನು ಮಾಡಿದ್ದನ್ನು ನೋಡಿ: 5ರಲ್ಲಿ 2 ಹೋದರೆ 3. ಸೊನ್ನೆ ಮತ್ತು 7, ದೊಡ್ಡದರಿಂದ ಚಿಕ್ಕದನ್ನು ತೆಗೆದರೆ 7. 3 ಮತ್ತು 8, ದೊಡ್ಡದರಿಂದ ಚಿಕ್ಕದನ್ನು ತೆಗೆದರೆ 5. ಅವನು ಗಮನ ಇಟ್ಟೇ ಮಾಡಿದ್ದ, ಆದರೆ ನಿಯಮ ತಪ್ಪಾಗಿತ್ತು. ಪಕ್ಕದ ಮನೆಯಿಂದ ಹತ್ತು ತರುವುದು ಅವನಿಗೆ ಯಾವತ್ತೂ ಅರ್ಥವಾಗಿರಲಿಲ್ಲ. ಇಂಥ ಮಗುವಿಗೆ ನೂರು ಕಳೆಯುವ ಲೆಕ್ಕ ಕೊಟ್ಟರೆ ನೂರು ಸಲ ಅದೇ ತಪ್ಪನ್ನು ಅಭ್ಯಾಸ ಮಾಡುತ್ತಾನೆ. ಕಡ್ಡಿಗಳನ್ನು ಹತ್ತರ ಕಟ್ಟು ಮಾಡಿ, ಕಟ್ಟು ಬಿಚ್ಚಿ ತೋರಿಸಿದರೆ ಅರ್ಧ ಗಂಟೆಯ ಕೆಲಸ.

ಹಾಗಾಗಿ 'ಯಾಕೆ ತಪ್ಪು ಮಾಡಿದೆ?' ಅಂತ ಕೇಳಬೇಡಿ. 'ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು' ಅಂತ ಕೇಳಿ. ಮಧ್ಯದಲ್ಲಿ ಬಾಯಿ ಹಾಕಬೇಡಿ. ಕೇಳಿದ ಮೇಲೆ ತಪ್ಪುಗಳನ್ನು ಮೂರು ಗುಂಪು ಮಾಡಿ: ಕಲಿತೇ ಇಲ್ಲದ್ದು, ಕಲಿತಿದ್ದೂ ತಪ್ಪಿದ್ದು, ಪ್ರಶ್ನೆಯೇ ಅರ್ಥವಾಗದ್ದು. ಮೊದಲನೆಯದಕ್ಕೆ ಪಾಠ ಬೇಕು, ಎರಡನೆಯದಕ್ಕೆ ಅಭ್ಯಾಸ ಬೇಕು, ಮೂರನೆಯದಕ್ಕೆ ಓದುವ ರೂಢಿ ಬೇಕು. ಮೂರಕ್ಕೂ ಒಂದೇ ಮದ್ದು ಅಂತ ಇನ್ನಷ್ಟು ಲೆಕ್ಕ ಮಾಡಿಸಿದರೆ ಉಪಯೋಗವಿಲ್ಲ. ಒಂದು ತೆಳ್ಳಗಿನ ನೋಟ್‌ಬುಕ್ಕಿನಲ್ಲಿ ಈ ತಪ್ಪುಗಳನ್ನು ಮಗುವೇ ಬರೆದಿಡಲಿ. ಮುಂದಿನ ಮೂರು ತಿಂಗಳ ಸಿಲಬಸ್ ಅದೇ.

ಮನೆಯಲ್ಲಿ ಎಲ್ಲಾ ಬರುತ್ತೆ ಅಂತಾಳೆ, ಪರೀಕ್ಷೆಯಲ್ಲಿ ಏನೂ ನೆನಪಿಗೆ ಬರಲ್ಲ. ಯಾಕೆ?

ಬಹುಶಃ ಅವಳು ಪುಸ್ತಕ ತೆರೆದಿಟ್ಟು ಓದುತ್ತಾಳೆ. ಮೂರನೇ ಸಲ ಓದುವಾಗ ಎಲ್ಲವೂ ಪರಿಚಯದ ಹಾಗೆ ಕಾಣುತ್ತದೆ. ಆ ಪರಿಚಯವನ್ನೇ ಮಗು 'ಬರುತ್ತೆ' ಅಂದುಕೊಳ್ಳುತ್ತದೆ. ಸುಳ್ಳು ಹೇಳುತ್ತಿಲ್ಲ ಪಾಪ. ಪರೀಕ್ಷೆಯಲ್ಲಿ ಪುಸ್ತಕ ಮುಂದಿರುವುದಿಲ್ಲ, ತಲೆಯಿಂದ ಹೊರಗೆ ತೆಗೆಯಬೇಕು. ಅದನ್ನು ಅವಳು ಅಭ್ಯಾಸ ಮಾಡಿಯೇ ಇಲ್ಲ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಒಂದು ಗುಂಪು ಒಂದು ಬರಹವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಅದನ್ನು ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿಟ್ಟು ಬರೆದವರಿಗೆ 56 ಶೇಕಡಾ ನೆನಪಿತ್ತು, ಎರಡು ಸಲ ಓದಿದವರಿಗೆ 42.

ಮನೆಯಲ್ಲಿ ಇದನ್ನು ಮಾಡುವುದು ಸುಲಭ. ಒಂದು ಪುಟ ಓದಲಿ. ಪುಸ್ತಕ ಮುಚ್ಚಲಿ. ನೆನಪಿದ್ದದ್ದನ್ನು ಖಾಲಿ ಹಾಳೆಯಲ್ಲಿ ಬರೆಯಲಿ, ಇಲ್ಲವೇ ನಿಮಗೆ ಹೇಳಲಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಲಿ. ಮೊದಮೊದಲು ಮಕ್ಕಳಿಗೆ ಇದು ಇಷ್ಟವಾಗುವುದಿಲ್ಲ, ಕಷ್ಟ ಅನ್ನಿಸುತ್ತದೆ. ಎಳೆದು ನೆನಪಿಸಿಕೊಳ್ಳುವ ಆ ಕಷ್ಟದಿಂದಲೇ ಪಾಠ ತಲೆಯಲ್ಲಿ ನಿಲ್ಲುವುದು ಅಂತ ಅವರಿಗೂ ಹೇಳಿ. ಪುಸ್ತಕದ ತುಂಬಾ ಹಳದಿ ಪೆನ್ನಿನ ಗೆರೆ ಎಳೆಯುವುದರಿಂದ ನೋಡಲು ಚೆನ್ನಾಗಿರುತ್ತದೆ, ನೆನಪಿಗೆ ಹೆಚ್ಚೇನೂ ಸಿಗುವುದಿಲ್ಲ.

ಗಣಿತದಲ್ಲಿ ಯಾವುದಕ್ಕೆ ಜಾಸ್ತಿ ಗಮನ ಕೊಡಬೇಕು?

ಸಮಯ ಕಡಿಮೆ ಇದ್ದರೆ ಭಿನ್ನರಾಶಿ ಮತ್ತು ಭಾಗಾಕಾರ ಹಿಡಿಯಿರಿ. ರಾಬರ್ಟ್ ಸೀಗ್ಲರ್ ಮತ್ತು ಜೊತೆಗಾರರು ಅಮೆರಿಕ ಮತ್ತು ಬ್ರಿಟನ್ನಿನ ಮಕ್ಕಳ ಮಾಹಿತಿ ಇಟ್ಟುಕೊಂಡು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 10 ವರ್ಷ ವಯಸ್ಸಿನ ಹೊತ್ತಿಗೆ ಈ ಎರಡು ವಿಷಯ ಎಷ್ಟು ಗಟ್ಟಿಯಾಗಿವೆ ಅನ್ನುವುದನ್ನು ನೋಡಿ, ಮುಂದೆ ಹೈಸ್ಕೂಲಿನಲ್ಲಿ ಬೀಜಗಣಿತ ಹೇಗಿರುತ್ತದೆ ಅಂತ ಬಹಳ ಮಟ್ಟಿಗೆ ಊಹಿಸಬಹುದು ಎನ್ನುತ್ತದೆ ಅದು. ಮನೆಯ ಆದಾಯ, ಮಗುವಿನ ಚುರುಕುತನ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅದು ಹಾಗೇ ಇತ್ತು.

ಭಿನ್ನರಾಶಿಯಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದು: 1/2 + 1/3 = 2/5. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ. ತಕ್ಷಣ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆಯುವ ವಿಧಾನಕ್ಕೆ ಹೋಗಬೇಡಿ. ಮೊದಲು ಕೇಳಿ: 'ಅರ್ಧ ಇತ್ತು, ಅದಕ್ಕೆ ಇನ್ನೊಂದಿಷ್ಟು ಸೇರಿಸಿದೆವು. ಈಗ ಇರುವುದು ಅರ್ಧಕ್ಕಿಂತ ಜಾಸ್ತಿ ಇರಬೇಕಾ, ಕಡಿಮೆ ಇರಬೇಕಾ?' 2/5 ಅರ್ಧಕ್ಕಿಂತ ಕಡಿಮೆ. ಇದು ಹೊಳೆದ ಕ್ಷಣ ಮಗುವಿನ ಮುಖ ನೋಡಬೇಕು. ಆಮೇಲೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ ತೆಗೆದುಕೊಳ್ಳಿ. ಒಂದನ್ನು ಎರಡು ಭಾಗವಾಗಿ, ಇನ್ನೊಂದನ್ನು ಮೂರು ಭಾಗವಾಗಿ ಮಡಚಿ. ಆ ಮಡಿಕೆಗಳ ಮೇಲೆ ಇನ್ನೂ ಮಡಚಿ ಎರಡನ್ನೂ ಆರಾರು ಭಾಗ ಮಾಡಿದರೆ 3/6 ಮತ್ತು 2/6 ಕಣ್ಣಿಗೇ ಕಾಣುತ್ತವೆ. ಸೇರಿಸಿದರೆ 5/6. ಛೇದ ಒಂದೇ ಆಗಬೇಕು ಅನ್ನುವ ನಿಯಮ ಆಗ ಬಾಯಿಪಾಠವಾಗಿ ಉಳಿಯುವುದಿಲ್ಲ.

ದಶಮಾಂಶದಲ್ಲಿ 0.35 ಮತ್ತು 0.4 ಇವುಗಳಲ್ಲಿ ಯಾವುದು ದೊಡ್ಡದು ಅಂತ ಕೇಳಿ ನೋಡಿ. 35 ದೊಡ್ಡದು ಅಂತ ಬಹಳ ಮಕ್ಕಳು 0.35 ಅನ್ನುತ್ತಾರೆ. 0.4 ಅನ್ನು 0.40 ಅಂತ ಬರೆಸಿ, ಗೊಂದಲ ಅಲ್ಲಿಗೇ ಮುಗಿಯುತ್ತದೆ.

ಮಗ್ಗಿ ಇನ್ನೂ ಬಾಯಿಗೆ ಬಂದಿಲ್ಲ. ಕ್ಯಾಲ್ಕುಲೇಟರ್ ಇರುವ ಕಾಲದಲ್ಲಿ ಬೇಕಾ?

ಬೇಕು. ಒಂದು ದೊಡ್ಡ ಭಾಗಾಕಾರದ ನಡುವೆ 7×8 ಎಷ್ಟು ಅಂತ ಬೆರಳು ಎಣಿಸುತ್ತಾ ಕೂತರೆ, ಎಲ್ಲಿದ್ದೆ ಅನ್ನುವುದೇ ಮರೆತುಹೋಗುತ್ತದೆ. ಆದರೆ ಹೆದರಬೇಡಿ. 2ರಿಂದ 9ರವರೆಗಿನ ಮಗ್ಗಿಯಲ್ಲಿ 7×8 ಮತ್ತು 8×7 ಒಂದೇ ಅಂತ ಹಿಡಿದರೆ ಕಲಿಯಬೇಕಾದ್ದು ಒಟ್ಟು 36 ಗುಣಾಕಾರ ಮಾತ್ರ. ಅದರಲ್ಲಿ ಎರಡು ಮತ್ತು ಐದರದ್ದು ಆಗಲೇ ಬಂದಿರುತ್ತದೆ. ಉಳಿದವನ್ನು ಚೀಟಿಯಲ್ಲಿ ಬರೆದು, ಹಿಂದೆ ಉತ್ತರ ಬರೆದು, ದಿನಕ್ಕೆ ಐದು ನಿಮಿಷ ಕಲೆಸಿ ಕೇಳಿ. ಒಂದರಿಂದ ಹತ್ತರವರೆಗೆ ಹಾಡಿನ ಹಾಗೆ ಹೇಳಿಸಿದರೆ 6×7 ಕೇಳಿದಾಗ 6×1ರಿಂದ ಶುರು ಮಾಡಬೇಕಾಗುತ್ತದೆ.

ಬರೀ ಅಂಕಿಯ ಲೆಕ್ಕ ಮಾಡುತ್ತಾನೆ. ಕಥೆಯ ಥರ ಬಂದರೆ ಕೈ ಬಿಡುತ್ತಾನೆ.

ಅಲ್ಲಿ ಅವನನ್ನು ಸೋಲಿಸುತ್ತಿರುವುದು ಗಣಿತ ಅಲ್ಲ, ಓದು. ಈ ಲೆಕ್ಕ ನೋಡಿ: 'ಅಣ್ಣನ ಬಳಿ 24 ಪೆನ್ಸಿಲ್ ಇವೆ. ಇದು ತಂಗಿಯ ಬಳಿ ಇರುವುದಕ್ಕಿಂತ 6 ಜಾಸ್ತಿ. ತಂಗಿಯ ಬಳಿ ಎಷ್ಟಿವೆ?' ಜಾಸ್ತಿ ಅನ್ನುವ ಪದ ಕಂಡ ಕೂಡಲೇ ಕೂಡಿಸಿ 30 ಅನ್ನುತ್ತಾರೆ. ಉತ್ತರ 18. 'ಜಾಸ್ತಿ ಅಂದರೆ ಕೂಡಿಸು, ಕಡಿಮೆ ಅಂದರೆ ಕಳೆ' ಅಂತ ನಾವೇ ಹೇಳಿಕೊಟ್ಟಿರುತ್ತೇವೆ. ದಯವಿಟ್ಟು ಆ ಸುಲಭದ ದಾರಿ ಹೇಳಿಕೊಡಬೇಡಿ.

ಬದಲಿಗೆ ಅಂಕಿಗಳನ್ನು ತೆಗೆದು ಕಥೆ ಮಾತ್ರ ಹೇಳಿ. 'ಅಣ್ಣನ ಬಳಿ ಒಂದಿಷ್ಟು ಪೆನ್ಸಿಲ್, ತಂಗಿಗಿಂತ ಜಾಸ್ತಿ. ಯಾರ ಬಳಿ ಕಡಿಮೆ?' ಎರಡು ಗೆರೆ ಎಳೆದು ತೋರಿಸಲಿ, ಒಂದು ಉದ್ದ, ಒಂದು ಗಿಡ್ಡ. ಆಮೇಲೆ ಅಂಕಿ ಹಾಕಿ. ಕೊನೆಗೆ ಉತ್ತರವನ್ನು ಕಥೆಗೆ ವಾಪಸ್ ಹಾಕಿ ಸರಿಹೊಂದುತ್ತದಾ ನೋಡಲಿ. ಬಸ್ಸಿನಲ್ಲಿ ಎಷ್ಟು ಜನ ಅಂತ ಕೇಳಿದ್ದಕ್ಕೆ ಹನ್ನೆರಡೂವರೆ ಅಂತ ಬಂದರೆ ಮಗುವಿಗೇ ಅನುಮಾನ ಬರಬೇಕು.

ಗದ್ಯಭಾಗ ಓದಿ ಉತ್ತರಿಸುವುದಕ್ಕೆ ತಯಾರಿ ಹೇಗೆ?

ಪರೀಕ್ಷೆಯ ಗದ್ಯಭಾಗಗಳನ್ನೇ ಒಂದರ ಮೇಲೊಂದು ಮಾಡಿಸಿ ಮಗುವಿಗೆ ಓದೇ ಬೇಸರ ಬರುವ ಹಾಗೆ ಮಾಡಬೇಡಿ. ದಿನಾ ಇಷ್ಟವಾದ್ದನ್ನು ಓದಲಿ, ಪ್ರಾಣಿಗಳ ಬಗ್ಗೆಯೋ ಆಟದ ಬಗ್ಗೆಯೋ ಏನಾದರೂ ಸರಿ. ಓದಿದ ಮೇಲೆ ಎರಡೇ ಪ್ರಶ್ನೆ ಕೇಳಿ: 'ಹೀಗೆ ಯಾಕಾಯಿತು ಅನ್ನಿಸುತ್ತೆ?' ಮತ್ತು 'ಅದು ಎಲ್ಲಿ ಬರೆದಿದೆ, ತೋರಿಸು.' ಎರಡನೆಯದು ಮುಖ್ಯ. ಉತ್ತರಕ್ಕೆ ಆಧಾರ ಬರಹದಲ್ಲೇ ಬೆರಳಿಟ್ಟು ತೋರಿಸುವ ರೂಢಿ ಬಂದ ಮಗು ಊಹೆಯ ಮೇಲೆ ಬರೆಯುವುದಿಲ್ಲ. ಗೊತ್ತಿಲ್ಲದ ಪದ ಬಂದರೆ ಕೂಡಲೇ ಅರ್ಥ ಹೇಳಬೇಡಿ, ಹಿಂದಿನ ಮುಂದಿನ ವಾಕ್ಯ ನೋಡಿ ಊಹಿಸಲಿ. ಈ ವಯಸ್ಸಿನಲ್ಲೂ ನೀವು ಗಟ್ಟಿಯಾಗಿ ಓದಿ ಹೇಳಿದರೆ ಮಕ್ಕಳಿಗೆ ಖುಷಿಯೇ. ನಿಲ್ಲಿಸಬೇಡಿ.

ನನಗೇ ಲೆಕ್ಕ ಅಂದರೆ ಭಯ. ನಾನು ಹೇಳಿಕೊಡಬಹುದಾ?

ಹೇಳಿಕೊಡಬಹುದು, ಆದರೆ ಆ ಭಯವನ್ನು ಜೊತೆಗೆ ಕೊಡಬಾರದು. ಶಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದನೇ ಎರಡನೇ ತರಗತಿಯ ಮಕ್ಕಳಲ್ಲಿ ಇದನ್ನು ಗಮನಿಸಿದರು. ಗಣಿತಕ್ಕೆ ತುಂಬಾ ಹೆದರುವ ಅಪ್ಪ ಅಮ್ಮ ಪದೇ ಪದೇ ಹೋಂವರ್ಕಿಗೆ ಸಹಾಯ ಮಾಡಿದ ಮನೆಗಳಲ್ಲಿ ಮಕ್ಕಳು ಆ ವರ್ಷ ಗಣಿತ ಕಡಿಮೆ ಕಲಿತಿದ್ದರು, ಅವರ ಭಯವೂ ಹೆಚ್ಚಿತ್ತು. 'ನಮ್ಮ ಮನೆಯಲ್ಲಿ ಯಾರಿಗೂ ಲೆಕ್ಕ ಬರಲ್ಲ' ಅನ್ನುವ ಮಾತನ್ನು ಮಗುವಿನ ಎದುರು ಆಡಲೇಬೇಡಿ. ಗೊತ್ತಿಲ್ಲದಿದ್ದರೆ 'ನನಗೂ ಗೊತ್ತಿಲ್ಲ, ಬಾ ಇಬ್ಬರೂ ನೋಡೋಣ' ಅನ್ನಿ. ಅದಕ್ಕಿಂತ ಒಳ್ಳೆಯದು, ಮಗುವೇ ನಿಮಗೆ ಪಾಠ ಮಾಡಲಿ. ವಿವರಿಸುವಾಗ ಎಲ್ಲಿ ತಡವರಿಸುತ್ತದೋ ಅಲ್ಲಿಯೇ ಗುಂಡಿ ಇದೆ ಅಂತ ನಿಮಗೆ ಗೊತ್ತಾಗುತ್ತದೆ.

ಟ್ಯೂಷನ್‌ಗೆ ಹಾಕಲೇಬೇಕಾ?

ಎಲ್ಲರಿಗೂ ಬೇಕಿಲ್ಲ. ಮೊದಲು ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಮಗುವನ್ನು ದಿನಾ ನೋಡುವವರು ಅವರು. ಒಂದು ವಿಷಯದಲ್ಲಿ ತುಂಬಾ ಹಿಂದೆ ಬಿದ್ದಿದ್ದು, ಮನೆಯಲ್ಲಿ ಕೂತರೆ ಜಗಳವೇ ಆಗುತ್ತಿದ್ದರೆ ಹೊರಗಿನವರ ಸಹಾಯ ಒಳ್ಳೆಯದು. ಟ್ಯೂಷನ್ ಹೇಳುವವರು ಮಗುವಿನ ತಪ್ಪುಗಳ ಬಗ್ಗೆ ನಿಮಗೆ ಬಿಡಿಸಿ ಹೇಳಬಲ್ಲರಾ ಅಂತ ನೋಡಿ. 'ಚೆನ್ನಾಗಿ ಮಾಡ್ತಿದಾನೆ' ಅಂತಷ್ಟೇ ಹೇಳುವವರಿದ್ದರೆ ಇನ್ನೊಮ್ಮೆ ಯೋಚಿಸಿ.

ಮಾದರಿ ಪ್ರಶ್ನೆಪತ್ರಿಕೆ ಎಷ್ಟು ಮಾಡಿಸಬೇಕು?

ಗಡಿಯಾರ ಇಟ್ಟು ಮಾಡಿಸುವುದನ್ನು ಕೊನೆಯ ಒಂದು ತಿಂಗಳಿಗೆ ಇಡಿ, ವಾರಕ್ಕೆ ಒಂದು. ಒಂದು ಗಂಟೆ ಪರೀಕ್ಷೆ ಮಾಡಿಸಿದರೆ ಅಷ್ಟೇ ಹೊತ್ತು ಅದನ್ನು ತಿರುಗಿ ನೋಡಲು ಬೇಕು. ಅಷ್ಟು ಸಮಯ ಇಲ್ಲದಿದ್ದರೆ ಆ ವಾರ ಪತ್ರಿಕೆಯೇ ಬೇಡ.

ಸಮಯದ ಲೆಕ್ಕವನ್ನು ಮಗುವೇ ಹಾಕಲಿ. 60 ನಿಮಿಷದಲ್ಲಿ 40 ಪ್ರಶ್ನೆ ಇದ್ದು, ಕೊನೆಗೆ ತಿದ್ದಲು 10 ನಿಮಿಷ ಉಳಿಸಿದರೆ ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷ. ಅದಕ್ಕಿಂತ ಜಾಸ್ತಿ ಹಿಡಿದರೆ ಗುರುತು ಹಾಕಿ ಮುಂದೆ ಹೋಗಬೇಕು. ಚುರುಕಾದ ಮಕ್ಕಳಿಗೇ ಇದು ಕಷ್ಟ, ಒಂದು ಪ್ರಶ್ನೆ ಬಿಡಲು ಮನಸ್ಸೇ ಬರುವುದಿಲ್ಲ. ಬಿಟ್ಟು ಹೋಗುವುದನ್ನೂ ಅಭ್ಯಾಸ ಮಾಡಿಸಬೇಕು.

ಹೊಗಳಿದರೆ ತಲೆ ತಿರುಗುತ್ತೆ, ಬಯ್ದರೆ ಅಳುತ್ತಾನೆ. ಏನು ಹೇಳಲಿ?

ಹೊಗಳಿ, ಆದರೆ ಯಾವುದನ್ನು ಹೊಗಳುತ್ತೀರಿ ಅನ್ನುವುದು ಮುಖ್ಯ. ಕ್ಲಾಡಿಯಾ ಮ್ಯುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳು ಸರಿಯಾಗಿ ಇದೇ ವಯಸ್ಸಿನ ಮಕ್ಕಳ ಮೇಲೆ ನಡೆದವು. ಮೊದಲ ಸುತ್ತಿನ ಪ್ರಶ್ನೆಗಳ ನಂತರ ಕೆಲವರಿಗೆ 'ನೀನು ಜಾಣ' ಅಂದರು, ಕೆಲವರಿಗೆ 'ತುಂಬಾ ಶ್ರಮಪಟ್ಟಿದ್ದೀಯ' ಅಂದರು. ಆಮೇಲೆ ಕಷ್ಟದ ಪ್ರಶ್ನೆ ಕೊಟ್ಟು ಎಲ್ಲರೂ ಎಡವುವಂತೆ ಮಾಡಿದರು. ಮತ್ತೆ ಮೊದಲಿನಷ್ಟೇ ಸುಲಭದ್ದು ಕೊಟ್ಟಾಗ, ಜಾಣ ಅನ್ನಿಸಿಕೊಂಡ ಮಕ್ಕಳು ಮೊದಲಿಗಿಂತ ಕೆಳಗಿಳಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಮೇಲೇರಿದರು. 'ಎರಡು ಸಲ ತಪ್ಪಿದರೂ ಮೂರನೇ ದಾರಿ ಹುಡುಕಿದೆಯಲ್ಲ' ಅನ್ನುವಂಥ ಮಾತು ಹೇಳಿ. ನಿಜವಾಗಿ ನೋಡಿದ್ದನ್ನೇ ಹೇಳಿ. ಇನ್ನೊಬ್ಬರ ಮಕ್ಕಳ ಜೊತೆ ಹೋಲಿಸಬೇಡಿ.

ಪರೀಕ್ಷೆ ಹತ್ತಿರ ಬಂದಂತೆ ಹೊಟ್ಟೆನೋವು ಅಂತಾಳೆ. ನಾಟಕವಾ?

ನಾಟಕ ಅಲ್ಲ. ಹೆದರಿಕೆ ಮಕ್ಕಳಲ್ಲಿ ಹೊಟ್ಟೆಯಲ್ಲೇ ಕಾಣಿಸಿಕೊಳ್ಳುವುದು ಜಾಸ್ತಿ. ನೋವು ನಿಜವಾಗಿಯೂ ಇರುತ್ತದೆ. ಪದೇ ಪದೇ ಬರುತ್ತಿದ್ದರೆ, ನಿದ್ದೆ ಊಟ ಬಿಟ್ಟಿದ್ದರೆ ಡಾಕ್ಟರಿಗೆ ತೋರಿಸಿ.

ನನ್ನ ಮಗಳಿಗೂ ಹೀಗಾಗಿತ್ತು. 'ಇಷ್ಟಕ್ಕೆಲ್ಲಾ ಹೆದರ್ತಾರಾ' ಅಂತ ನಾನು ಅಂದುಬಿಟ್ಟೆ. ಅವಳು ಹೊಟ್ಟೆನೋವು ಅನ್ನುವುದನ್ನು ನಿಲ್ಲಿಸಿದಳು, ನನಗೆ ಹೇಳುವುದನ್ನೂ ನಿಲ್ಲಿಸಿದಳು. ಒಂದು ವಾರದ ಮೇಲೆ ರಾತ್ರಿ ಹಾಸಿಗೆಯಲ್ಲಿ ಅಳುತ್ತಿದ್ದಾಗಲೇ ನನಗೆ ಗೊತ್ತಾದದ್ದು. ಆಮೇಲೆ ನಾವಿಬ್ಬರೂ ದಿನಾ ಮಲಗುವ ಮುಂಚೆ ಅವಳ ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆಯಲು ಶುರು ಮಾಡಿದೆವು. ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ ಎಂಬ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷೆಗೆ ಸ್ವಲ್ಪ ಮೊದಲು 10 ನಿಮಿಷ ತಮ್ಮ ಭಯವನ್ನು ಬರೆದುಕೊಂಡ ಒಂಬತ್ತನೇ ತರಗತಿಯ ಹೆದರುಪುಕ್ಕಲು ಮಕ್ಕಳು ಹೆಚ್ಚು ಚೆನ್ನಾಗಿ ಮಾಡಿದ್ದರು ಅಂತ ನಾನು ಆಮೇಲೆ ಓದಿದೆ. ನಮ್ಮ ಮನೆಯ ಹಾಳೆಯಲ್ಲಿ ಮೊದಲ ಸಾಲು 'ಕಡಿಮೆ ಬಂದರೆ ಅಮ್ಮ ಮಾತಾಡಲ್ಲ' ಅಂತ ಇತ್ತು. ಅದಕ್ಕೆ ಉತ್ತರ ನಾನೇ ಕೊಡಬೇಕಿತ್ತು, ಕೊಟ್ಟೆ.

ಎಷ್ಟು ನಿದ್ದೆ ಬೇಕು?

6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ. ಪರೀಕ್ಷೆಯ ತಿಂಗಳಲ್ಲೂ ಅಷ್ಟೇ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ಮೊಬೈಲ್ ರಾತ್ರಿ ಬೇರೆ ಕೋಣೆಯಲ್ಲಿರಲಿ, ನಿಮ್ಮದೂ.

ಎಷ್ಟು ಹೇಳಿಕೊಟ್ಟರೂ ಓದಲು ಒದ್ದಾಡುತ್ತಾನೆ. ಸೋಮಾರಿತನವಾ?

ಸೋಮಾರಿ ಅನ್ನುವ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮಾತಿನಲ್ಲಿ ಚುರುಕಾಗಿದ್ದೂ ಓದುವಾಗ ಅಕ್ಷರ ಜೋಡಿಸಲು ತುಂಬಾ ಹೊತ್ತು ಹಿಡಿಯುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಬೇರೆ ಬೇರೆ ಥರ ಬರೆಯುವುದು ಇವು ಡಿಸ್ಲೆಕ್ಸಿಯಾ ಎಂಬ ಓದು ಬರಹದ ತೊಂದರೆಯ ಲಕ್ಷಣ ಇರಬಹುದು. ಬುದ್ಧಿಗೂ ಇದಕ್ಕೂ ಸಂಬಂಧ ಇಲ್ಲ. ತಜ್ಞರಿಗೆ ತೋರಿಸಿದರೆ ಸರಿಯಾದ ಸಹಾಯ ಸಿಗುತ್ತದೆ. ಬಹಳ ಕಡೆ ಇಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡುತ್ತಾರೆ. ಅದಕ್ಕೆ ಮೊದಲೇ ಅರ್ಜಿ ಹಾಕಬೇಕಾಗುತ್ತದೆ, ಹಾಗಾಗಿ ತಡ ಮಾಡಬೇಡಿ.

ಪರೀಕ್ಷೆಯ ಹಿಂದಿನ ದಿನ?

ಹೊಸದೇನೂ ಬೇಡ. ತಪ್ಪುಗಳ ನೋಟ್‌ಬುಕ್ ಒಮ್ಮೆ ತಿರುವಿ ಹಾಕಲಿ, ಅರ್ಧ ಗಂಟೆ. ಪೆನ್ನು, ಪೆನ್ಸಿಲ್, ಪ್ರವೇಶಪತ್ರ ಸಂಜೆಯೇ ಬ್ಯಾಗಿಗೆ ಹಾಕಿಡಿ. ಆಮೇಲೆ ಆಟ, ಊಟ, ನಿದ್ದೆ. ಬೆಳಿಗ್ಗೆ ದಾರಿಯಲ್ಲಿ ಪ್ರಶ್ನೆ ಕೇಳುತ್ತಾ ಹೋಗಬೇಡಿ.

ಮಾರ್ಕ್ಸ್ ಕಡಿಮೆ ಬಂದರೆ, ಬಯಸಿದ ಶಾಲೆ ಸಿಗದಿದ್ದರೆ?

ಮಗುವಿಗಿಂತ ಮೊದಲು ನೀವು ಫಲಿತಾಂಶ ನೋಡಿದರೆ, ಒಂದೈದು ನಿಮಿಷ ಒಬ್ಬರೇ ಇದ್ದು ಸಮಾಧಾನ ಮಾಡಿಕೊಂಡು ಬನ್ನಿ. ಮಗು ಮೊದಲು ನಿಮ್ಮ ಮುಖ ಓದುತ್ತದೆ, ಆಮೇಲೆ ಅಂಕಿ. ಅಳು ಬಂದರೆ ಅಳಲಿ. 'ಪರವಾಗಿಲ್ಲ ಬಿಡು' ಅಂತ ಬೇಗ ಮುಗಿಸಬೇಡಿ, ಅವರಿಗೆ ಆ ಕ್ಷಣ ಅದು ದೊಡ್ಡ ವಿಷಯವೇ. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಅನ್ನುವುದನ್ನು ಮಗುವನ್ನೇ ಕೇಳಿ. ನೆಂಟರಿಗೆ ಫೋನ್ ಮಾಡಿ ಮಗುವಿನ ಎದುರೇ ಅಂಕ ಹೇಳುವ ಅವಸರ ಬೇಡ.

ಒಂದು ವಾರ ಕಳೆಯಲಿ. ಆಮೇಲೆ ಪತ್ರಿಕೆ ಸಿಕ್ಕಿದ್ದರೆ ಮತ್ತೆ ಇಬ್ಬರೂ ಕೂತು ಅದೇ ಮಾತು ಕೇಳಿ: 'ಇದನ್ನು ಹೇಗೆ ಮಾಡಿದೆ, ನನಗೆ ಹೇಳಿಕೊಡು.' ಆ ತೆಳ್ಳಗಿನ ನೋಟ್‌ಬುಕ್ ಎಸೆಯಬೇಡಿ. ಹೈಸ್ಕೂಲಿನ ಮೊದಲ ತಿಂಗಳಲ್ಲಿ ಭಿನ್ನರಾಶಿ ಮತ್ತೆ ಬಂದಾಗ ಅದು ಬೇಕಾಗುತ್ತದೆ.